ಬಲಗಾಲು ಒಪ್ಪದ ಹಾಡು

ಶಿಗ್ಗಾಂವಿ,
೨೦ ಮಾರ್ಚ್ ೧೯೩೯

ಶಿಗ್ಗಾಂವಿ ಕ್ರೈಸ್ತ ಸಭೆಯ ಹಿರಿಯರಾದ ಶ್ರೀ ಯೋನಾ ಭರಮಪ್ಪನವರ ಬಲಗಾಲಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ತಾವು ಸರ್ವ ವಿಧದಲ್ಲೂ ಕ್ಷೇಮವೆಂದು ನಂಬಿ, ಈ ಚಳಿಗಾಲದಲ್ಲಿ ತಮಗಾಗಿದ್ದ ಬಿರುಕು ಹರಳೆಣ್ಣೆಯಿಂದ ಮಾಯಿತೆಂದು ಕೇಳಿ ಸಂತೋಷಪಟ್ಟು, ಸಭೆಯ ಹಾರ್ಮೋನಿಯಂ ಬಾರಿಸುವವಳೂ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯೂ ಆದ ನಾನು ಈ ಪತ್ರವನ್ನು ಅತ್ಯಂತ ವಿನಯದಿಂದ ಬರೆದು ಶಾಲೆಯ ಬಾಗಿಲಿಗೆ ಅಂಟಿಸುತ್ತಿದ್ದೇನೆ. ತಮಗೆ ಓದಲು ಅನುಕೂಲವಾಗಲೆಂದು ನೆಲದಿಂದ ಒಂದೇ ಗೇಣು ಎತ್ತರದಲ್ಲಿ ಅಂಟಿಸಿದ್ದೇನೆ. ಉಳಿದ ಓದುಗರು ಸ್ವಲ್ಪ ಬಗ್ಗಬೇಕಾದೀತು. ನಮ್ಮ ಸಭೆಯವರಿಗೆ ಆ ಅಭ್ಯಾಸ ಮೂರು ವರ್ಷದಿಂದ ಚೆನ್ನಾಗಿ ಆಗಿದೆ.

ಒಡೆಯರನ್ನು ಬಿಟ್ಟು ಕಾಲಿಗೆ ಪತ್ರ ಬರೆಯುವುದು ಯಾವ ಮರ್ಯಾದೆ ಎಂದು ಯಾರಾದರೂ ಕೇಳಿದರೆ, ಆ ದಾರಿ ತೋರಿಸಿದವರು ತಮ್ಮ ಒಡೆಯರೇ. ಹೋದ ತಿಂಗಳು ನನ್ನ ಅಹವಾಲನ್ನು ಅವರ ಮುಂದೆ ಇಟ್ಟಾಗ ಅವರು ರುಮಾಲು ಸರಿಮಾಡಿಕೊಂಡು, "ಇದರಾಗ ನಂದೇನೈತ್ರಿ ಅಕ್ಕೋರ, ತೀರ್ಪ ಕೊಟ್ಟದ್ದು ಕಾಲು. ಏನ ಹೇಳೂದಿದ್ರೂ ಕಾಲಿಗೇ ಹೇಳ್ರಿ" ಎಂದರು. ಹಿರಿಯರ ಮಾತು ಮೀರುವ ಹೆಂಗಸು ನಾನಲ್ಲ.

ತಾವು ಈ ಪದವಿಗೆ ಏರಿದ ಬಗೆಯನ್ನು, ಹೊಸದಾಗಿ ಸಭೆ ಸೇರಿದವರ ತಿಳಿವಳಿಕೆಗಾಗಿ ನೆನೆಯಲು ಅಪ್ಪಣೆಯಾಗಲಿ. ಮೂರು ವರ್ಷದ ಹಿಂದೆ ನನ್ನ ಯಜಮಾನರಾದ ಮೈಲಾರಪ್ಪನವರು ಸವಣೂರಿನ ಸಿರಾಜುದ್ದೀನರ ಅಂಗಡಿಯಿಂದ ಒಂದು ಹಳೆಯ ಗ್ರಾಮೋಫೋನನ್ನೂ ಒಂದು ಪೆಟ್ಟಿಗೆ ಹಾಡಿನ ತಟ್ಟೆಗಳನ್ನೂ ಗಾಡಿಯಲ್ಲಿ ಹುಲ್ಲಿನ ನಡುವೆ ಮಲಗಿಸಿಕೊಂಡು ತಂದರು. ಅಂದಿನಿಂದ ನಮ್ಮ ಇಪ್ಪತ್ತೆರಡು ಮನೆಗಳ ಸಭೆಯಲ್ಲಿ ಕ್ರೈಸ್ತರಾದವರು ಯಾವ ಸಂಗೀತ ಕೇಳಬಹುದು, ಯಾವುದನ್ನು ಕೇಳಬಾರದು ಎಂಬ ಚರ್ಚೆ ಹುಟ್ಟಿತು. ದೇವರ ಹೆಸರಿದ್ದರೆ ಕೇಳಬಹುದು ಎಂದರೆ, ಯಾರ ದೇವರ ಹೆಸರು ಎಂಬ ಪ್ರಶ್ನೆ ಬಂತು. ಮಾತಿಲ್ಲದ ವಾದ್ಯ ಕೇಳೋಣವೆಂದರೆ, ಸನಾದಿ ಗುಡಿಯ ಮುಂದೆ ಊದುವಂಥದ್ದು, ತಬಲಾ ನಾಟಕದ ಕಂಪನಿಯದು ಎಂದು ಒಂದೊಂದಾಗಿ ಎಲ್ಲವೂ ಬಿದ್ದುಹೋದವು. ಹಾರ್ಮೋನಿಯಂ ಕೂಡ ನಾಟಕದ್ದೇ ಅಲ್ಲವೇ ಎಂದು ಯಾರೋ ಅಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಅದರ ಮೇಲೆ ಹೊದಿಸಿದ್ದ ಶಿಲುಬೆಯ ಕಸೂತಿಯ ಬಟ್ಟೆಯನ್ನು ತೋರಿಸಿ ಆ ವಾದ್ಯದ ಜೀವ ಉಳಿಸಿಕೊಂಡೆ. ನಮ್ಮ ಕೀರ್ತನೆಗಳ ಅರ್ಧ ರಾಗಗಳು ಜರ್ಮನಿಯ ಯಾವ ಹಳ್ಳಿಯ ಯಾವ ಮದುವೆಮನೆಯಲ್ಲಿ ಹುಟ್ಟಿದವೋ ಯಾರು ಬಲ್ಲರು ಎಂದು ಕೇಳುವ ಆಸೆ ನಾಲಗೆಯ ತುದಿಯವರೆಗೆ ಬಂದಿತ್ತು, ಹಾರ್ಮೋನಿಯಂ ಮುಖ ನೋಡಿ ನುಂಗಿಕೊಂಡೆ. ತಿಂಗಳಿಗೊಮ್ಮೆ ಬರುವ ಪಾದ್ರಿಯವರನ್ನು ಕೇಳಿದರೆ, ಆತ್ಮಕ್ಕೆ ಹಿತವಾದದ್ದನ್ನು ಕೇಳಿರಿ ಎಂದು ಹೇಳಿ ಹಾನಗಲ್ಲಿನ ಮೋಟಾರು ಹತ್ತಿದರು.

ಆಗ ಎದ್ದು ನಿಂತವರು ತಮ್ಮ ಒಡೆಯರು. "ಮೈ ಕುಣಿಸೂದು ಮೈಯಿಂದು, ಮನಸ ಕರಗಿಸೂದು ಆತ್ಮದ್ದು. ನನ್ನ ಬಲಗಾಲು ಇಟ್ಟು ನೋಡ್ರಿ. ಅದಕ್ಕ ಸುಳ್ಳ ಹೇಳಾಕ ಬರೂದಿಲ್ಲ" ಎಂದರು. ಇಷ್ಟು ಸುಲಭವಾದ ವಿವೇಕ ಇಷ್ಟು ದಿನ ಮೊಣಕಾಲಿನ ಕೆಳಗೆ ಅಡಗಿತ್ತೆಂದು ಸಭೆಯೇ ಬೆರಗಾಯಿತು.

ಮುಂದಿನ ಶನಿವಾರದಿಂದ ತಮ್ಮ ಕಚೇರಿ ನಮ್ಮ ಶಾಲೆಯಲ್ಲಿ ಶುರುವಾಯಿತು. ತಮ್ಮನ್ನು ತೊಳೆದು, ಒರೆಸಿ, ಶಾಲೆಯ ದೊಡ್ಡ ಪಾಟಿಯ ಮೇಲೆ ಸೀಮೆಸುಣ್ಣದ ಪುಡಿ ಹರಡಿ, ಅದರ ಮೇಲೆ ಇಡುತ್ತಿದ್ದರು. ಒಡೆಯರು ಬೆಂಚಿನ ಮೇಲೆ ಕಣ್ಣುಮುಚ್ಚಿ ಕೂಡುವರು, ಪರದೆಯ ಹಿಂದೆ ತಟ್ಟೆ ತಿರುಗುವುದು, ಸಭೆಯ ಇಬ್ಬರು ಹಿರಿಯರು ಮೊಣಕಾಲೂರಿ ತಮ್ಮನ್ನೇ ನೋಡುವರು. ಪುಡಿಯಲ್ಲಿ ಗುರುತು ಬಿದ್ದರೆ ಆ ಸಂಗೀತ ಅಯೋಗ್ಯ, ಬೀಳದಿದ್ದರೆ ಯೋಗ್ಯ. ಪ್ರಾರ್ಥನೆಗೆ ಬಾಗದ ಮೊಣಕಾಲುಗಳು ಕೂಡ ತಮ್ಮ ಮುಂದೆ ಬಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಮ್ಮ ತೀರ್ಪುಗಳ ಸೂಕ್ಷ್ಮತೆಯನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಒಬ್ಬ ಗಂಡಸು ಮೊದಲಿಂದ ಕೊನೆಯವರೆಗೆ ಸುಮ್ಮನೆ ನಗುವ ತಟ್ಟೆಯೊಂದಿತ್ತು. ಒಡೆಯರ ಹೊಟ್ಟೆ ಕುಲುಕಿ ಕುಲುಕಿ ಅಂಗಿಯ ಗುಂಡಿ ಹಾರಿತು, ಆದರೆ ತಾವು ಅಲುಗಲಿಲ್ಲ. ಹೊಟ್ಟೆ ನಿಯಮದಲ್ಲಿ ಇರಲಿಲ್ಲವಾದ್ದರಿಂದ ಅದು ಯೋಗ್ಯವೆಂದು ದಾಖಲಾಯಿತು. ಒಂದು ಜೋಗುಳಕ್ಕೂ ತಾವು ಅಲುಗಲಿಲ್ಲ. ಒಡೆಯರು ಗೊರಕೆ ಹೊಡೆಯುತ್ತಿದ್ದುದನ್ನು ಒಪ್ಪಿಗೆ ಎಂದು ಬರೆದುಕೊಂಡರು. ನಾಟಕದ ಹಾಡೊಂದು ಮೊದಲ ವಾರ ಅಯೋಗ್ಯವಾಗಿ, ಮರುವಾರ ಗ್ರಾಮೋಫೋನಿನ ಕೀಲಿ ಸಾಲದೆ ಎಮ್ಮೆ ಒದರಿದಂತೆ ಕೇಳಿಸಿದಾಗ ಯೋಗ್ಯವಾಯಿತು. ಈಗ ಆ ಒಂದೇ ತಟ್ಟೆಯ ಹೆಸರು ತೀರ್ಪಿನ ವಹಿಯ ಎರಡೂ ಕಡೆ ಇದೆ, ನಾವು ವಿಧೇಯರಾಗಿ ಅದನ್ನು ಪೂರ್ತಿ ಕೀಲಿ ಕೊಡದೆ ಕೇಳುತ್ತಿದ್ದೇವೆ.

ಇಷ್ಟರವರೆಗೆ ನನ್ನದೇನೂ ತಕರಾರಿಲ್ಲ, ನಗಲು ನಮಗೂ ಒಂದು ಕಾರಣ ಬೇಕು. ತಕರಾರು ಇರುವುದು ನನ್ನ ಅತ್ತೆಯವರಾದ ಶಂಕ್ರವ್ವನವರ ಬೀಸುವ ಹಾಡಿನ ವಿಷಯದಲ್ಲಿ.

ತಾವು ಅವರನ್ನು ಬಲ್ಲಿರಿ. ಮಾಸೂರಿನವರು, ನಲವತ್ತನೆಯ ವಯಸ್ಸಿನಲ್ಲಿ ದೀಕ್ಷಾಸ್ನಾನ ಪಡೆದವರು. ಆಗ ಕೊಟ್ಟ ಸಾರಾ ಎಂಬ ಹೆಸರಿನಿಂದ ಕರೆದರೆ ಇಂದಿಗೂ ಹಿಂದೆ ತಿರುಗಿ ಯಾರಿದ್ದಾರೆಂದು ನೋಡುತ್ತಾರೆ. ಓದು ಬಾರದು, ಆದ್ದರಿಂದ ಕೀರ್ತನೆಯ ಪುಸ್ತಕ ಅವರಿಗೆ ಬರೀ ರಟ್ಟು. ಆದರೆ ಪ್ರಾರ್ಥನೆಯ ಕೂಟದಲ್ಲಿ ಕೇಳಿದ ಸುವಾರ್ತೆಯ ಕತೆಯನ್ನೆಲ್ಲ ಬೀಸುಕಲ್ಲಿನ ಮುಂದೆ ಕೂತು ಹಾಡಾಗಿ ಕಟ್ಟುತ್ತಾರೆ. ಮದುವೆಮನೆಯಲ್ಲಿ ದ್ರಾಕ್ಷಾರಸ ತೀರಿದ ಕತೆಯನ್ನು ಅವರು ಹಾಡುವುದು ಹೀಗೆ:

ಕಾನಾ ಊರಾಗ ಮದಿವಿ, ಕೊಡದಾಗ ಬರಿ ನೀರ
ಮಾನ ಹೋದೀತಂದ್ಳ ತಾಯವ್ವ – ಓ ಮಗನ
ನೀನ ಕಾಯಂದ್ಳ ಬೀಗರ್ನ

ಮೂವತ್ತು ವರ್ಷ ಅವರು ಹಾಡಿದರು, ನಮ್ಮ ಓಣಿಯ ಹೆಂಗಸರು ಸುವಾರ್ತೆ ಕಲಿತದ್ದೇ ಹಾಗೆ. ಅದು ಸಂಗೀತವೆಂದು ಯಾರಿಗೂ ಹೊಳೆದಿರಲಿಲ್ಲ, ಆದ್ದರಿಂದ ಯಾರೂ ಬೇಡವೆನ್ನಲಿಲ್ಲ. ಅದನ್ನು ತಮ್ಮ ಮುಂದೆ ತಂದ ತಪ್ಪು ನನ್ನದು. ನನ್ನ ಮಗಳು ಮಾರ್ಥಾಳ ಮದುವೆ ಹಿರೇಕೆರೂರಿನ ಹುಡುಗನೊಂದಿಗೆ ಗೊತ್ತಾಗಿದೆ. ಮದುವೆಯ ಮೊದಲ ಹಿಟ್ಟು ಬೀಸುವಾಗ ಮನೆಯ ಹಿರಿಯಳು ಹಾಡಬೇಕು. ಮತ ಬದಲಾದರೂ ಆ ಪದ್ಧತಿಯನ್ನು ನಮ್ಮ ಮನೆಗಳು ಬಿಟ್ಟಿಲ್ಲ. ಬೀಗರು ಬಿಗಿ ಸ್ವಭಾವದವರು, ನಾಳೆ ಅವರು ಮೂಗು ಮುರಿಯಬಾರದು, ತೀರ್ಪಿನ ವಹಿಯಲ್ಲಿ ಯೋಗ್ಯ ಎಂಬ ಒಂದು ಮಾತಿದ್ದರೆ ನನಗೆ ಧೈರ್ಯ ಎಂದುಕೊಂಡೆ. ಅತ್ತೆ ಒಲ್ಲೆನೆಂದರೂ ಒತ್ತಾಯ ಮಾಡಿ, ಬೀಸುಕಲ್ಲನ್ನೇ ಶಾಲೆಗೆ ಹೊರಿಸಿಕೊಂಡು ಬಂದೆ.

ತಾವು ಏಳು ಸಲ ಅಲುಗಿದಿರಿ. ಪುಡಿಯಲ್ಲಿ ಏಳು ಗುರುತು ಎಂದು ಹಿರಿಯರು ಕೂಗಿ ಹೇಳಿದರು, ವಹಿಯಲ್ಲಿ ಅಯೋಗ್ಯ ಎಂದು ಬರೆದರು.

ಅತ್ತೆ ವಾದ ಮಾಡಲಿಲ್ಲ. "ಆತು ಬಿಡ್ರಿ. ಇಷ್ಟ ವರ್ಷ ತಿಳೀದ ಹಾಡೇನಿ, ದೇವರು ಕ್ಷಮಿಸ್ಲಿ" ಎಂದು ಸೆರಗು ಹೊದ್ದು ಎದ್ದರು. ಅಂದಿನಿಂದ ಇಂದಿನವರೆಗೆ ಐದು ವಾರ, ಅವರು ಬಾಯಿ ಮುಚ್ಚಿಕೊಂಡು ಬೀಸುತ್ತಿದ್ದಾರೆ. ಹಾಡಿಲ್ಲದೆ ಅವರ ಕೈಗೆ ಹದ ಸಿಗುತ್ತಿಲ್ಲ, ಹಿಟ್ಟು ತರಿತರಿಯಾಗಿ ಬೀಳುತ್ತಿದೆ, ರೊಟ್ಟಿ ತಟ್ಟುವಾಗಲೇ ಬಿರಿಯುತ್ತದೆ. ರೊಟ್ಟಿ ಹೇಗಾದರೂ ತಿಂದೇವು. ಮೂವತ್ತು ವರ್ಷ ದೇವರನ್ನು ಹೊಗಳಿದ ಹೆಂಗಸು ಈಗ ಅದಕ್ಕಾಗಿ ದೇವರ ಕ್ಷಮೆ ಕೇಳುವುದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುವುದು ನನ್ನಿಂದ ಆಗುತ್ತಿಲ್ಲ. ನನಗೆ ನನ್ನ ಮೇಲೆ ಸಿಟ್ಟಿದೆ, ಅದರಲ್ಲಿ ಸ್ವಲ್ಪ ತಮಗೂ ಹಂಚುತ್ತಿದ್ದೇನೆ.

ಮಾರ್ಥಾ ಅಂತೂ, "ಅಜ್ಜಿ ಹಾಡದಿದ್ರ ಮದಿವಿ ಹಿಟ್ಟು ಅಕ್ಕಿಆಲೂರ ಗಿರಣಿಗೆ ಕಳಸ್ರಿ, ಮದಿವೀನೂ ಅಲ್ಲೇ ಮಾಡ್ರಿ" ಎಂದು ಮುಖ ತಿರುಗಿಸಿದ್ದಾಳೆ. ಗುಟ್ಟಾಗಿ ಹಾಡಿಬಿಡಿ ಎಂದು ನಾನು ಅತ್ತೆಯ ಕೈಹಿಡಿದು ಕೇಳಿದೆ. "ಸಭಿ ಒಲ್ಲೆ ಅಂದ ಹಾಡು ಹುಡುಗಿ ಬೆನ್ನಿಗೆ ಕಟ್ಟಿ ಕಳಸಬಾರದವಾ" ಎಂದರು.

ಆಮೇಲೆ ನಾನು, ತಮ್ಮ ಅಪ್ಪಣೆಯಿಲ್ಲದೆ, ತಮ್ಮನ್ನು ಗಮನಿಸಲು ತೊಡಗಿದೆ. ಉಸ್ಮಾನಸಾಬರ ಕುಲುಮೆಯಲ್ಲಿ ಸುತ್ತಿಗೆ ಬಿದ್ದಾಗ ತಾವು ಅಲುಗಿದಿರಿ. ಬಾವಿಯ ಕಟ್ಟೆಯಲ್ಲಿ ಬಟ್ಟೆ ಒಗೆಯುವ ಸಪ್ಪಳಕ್ಕೆ ಅಲುಗಿದಿರಿ. ನಮ್ಮ ಹುಡುಗಿಯರು ಏಳರ ಮಗ್ಗಿ ಒಪ್ಪಿಸುವಾಗ ಕಿಟಕಿಯ ಹೊರಗೆ ನಿಂತಿದ್ದ ತಾವು ಏಳೇಳಲಿ ನಲವತ್ತೊಂಬತ್ತರವರೆಗೂ ಬಿಡದೆ ಅಲುಗಿದಿರಿ. ಆ ಪ್ರಕಾರ ಗಣಿತವೂ ಕ್ರೈಸ್ತರಿಗೆ ತಕ್ಕದ್ದಲ್ಲ. ಕೊನೆಗೆ ತಮ್ಮ ಒಡೆಯರ ಹೆಂಡತಿ ಗುತ್ತೆವ್ವನವರನ್ನೇ ಕೇಳಿದೆ. ಅವರು ಮೊರದಲ್ಲಿ ಕಾಳು ಹಸನು ಮಾಡುತ್ತ, ತಲೆ ಕೂಡ ಎತ್ತದೆ ಹೇಳಿದರು: "ಅದು ಮಗ್ಗದ ಕಾಲರಿ ಅಕ್ಕೋರ. ಕಾರಖಾನ್ಯಾಗ ಮೂವತ್ತ ವರ್ಷ ಹಲಗಿ ತುಳದೈತಿ. ನಿದ್ದ್ಯಾಗೂ ತುಳೀತೈತಿ, ಹೊದ್ದ ನನ್ನ ಎರಡು ಕೌದಿ ಹರದೈತಿ."

ಮಾನ್ಯರೇ, ಇದನ್ನು ತಾವು ಮೊದಲೇ ಹೇಳಬಹುದಿತ್ತು. ಮೂರು ವರ್ಷ ನಾವು ಪಾಪವನ್ನು ಅಳೆಯುತ್ತಿದ್ದೇವೆಂದು ಮೊಣಕಾಲೂರಿದ್ದೆವು, ತಾವು ಮಾತ್ರ ಲಾಳಿಯ ದಾರಿ ಕಾಯುತ್ತಿದ್ದಿರಿ. ಮಗ್ಗದ ವೇಗಕ್ಕೆ ಹತ್ತಿರ ಬಂದ ಹಾಡೆಲ್ಲ ಅಯೋಗ್ಯ, ಅದಕ್ಕಿಂತ ನಿಧಾನವಾದದ್ದೆಲ್ಲ ಪವಿತ್ರ.

ಶಿಕ್ಷಕಿಯಾದವಳು ಪರೀಕ್ಷಿಸದೆ ನಂಬಬಾರದು. ಆದ್ದರಿಂದ ನಿನ್ನೆ ಭಾನುವಾರ, ಆರಾಧನೆಗೆ ಮೊದಲು, ತಾವು ಕೂಡುವ ಬೆಂಚಿನ ಕೆಳಗೆ ಸೀಮೆಸುಣ್ಣದ ಪುಡಿ ಹರಡಿದೆ. ಮೊದಲ ಕೀರ್ತನೆಯನ್ನು ಎಂದಿನಂತೆ ನಿಧಾನವಾಗಿ ಬಾರಿಸಿದೆ, ತಾವು ಸುಮ್ಮನಿದ್ದಿರಿ. ಎರಡನೆಯದನ್ನು, ಪಾದ್ರಿಯವರು ಪ್ರತಿ ಸಲ ಕಣ್ಣೊರೆಸಿಕೊಳ್ಳುವಂಥ ಕೀರ್ತನೆಯನ್ನು, ಮಗ್ಗದ ವೇಗಕ್ಕೆ ಬಾರಿಸಿದೆ. ಸಭೆಯವರು ಏದುಸಿರು ಬಿಡುತ್ತ ಹಾಡಿ ಮುಗಿಸಿದರು. ಎಲ್ಲರೂ ಹೋದ ಮೇಲೆ ಬಗ್ಗಿ ನೋಡಿದರೆ ಮೂವತ್ತೊಂದು ಗುರುತುಗಳಿದ್ದವು. ಗುಡಿಸಿಲ್ಲ, ಯಾರು ಬೇಕಾದರೂ ಬಂದು ನೋಡಬಹುದು.

ಈಗ ನನ್ನ ಬೇಡಿಕೆಗಳನ್ನು ಚಿತ್ತೈಸಬೇಕು. ಕೀರ್ತನೆಯ ಪುಸ್ತಕವನ್ನು ಅಯೋಗ್ಯವೆಂದು ಸಾರಿ, ನಮ್ಮ ಸಭೆಗೆ ಆ ನಗುವ ಗಂಡಸಿನ ತಟ್ಟೆಯೊಂದನ್ನೇ ಆರಾಧನೆಗೆ ಕೊಡಬೇಕು. ಅದು ಕೂಡದಿದ್ದರೆ ಎಡಗಾಲಿನವರನ್ನು ಮೇಲಿನ ಕೋರ್ಟಾಗಿ ನೇಮಿಸಬೇಕು; ಅವರೂ ಅದೇ ಮಗ್ಗ ತುಳಿದವರಾದರೂ ಎರಡನೆಯ ಅಭಿಪ್ರಾಯ ಎಂಬ ಸಮಾಧಾನ ನಮಗಿರುತ್ತದೆ. ಅದೂ ಆಗದೆಂದರೆ ಉಸ್ಮಾನಸಾಬರಿಗೆ ಸುತ್ತಿಗೆಯನ್ನು ಇನ್ನಷ್ಟು ಭಕ್ತಿಯಿಂದ ಬಡಿಯಲು ಆಜ್ಞೆಯಾಗಬೇಕು.

ಇವು ತಮಾಷೆಯ ಮಾತು. ತಮಾಷೆಯಲ್ಲದ ಒಂದು ಮಾತು ಉಳಿದಿದೆ, ಅದನ್ನು ಐದು ವಾರದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಅಂದು ಅತ್ತೆ ಹಾಡುವಾಗ ಎಲ್ಲರೂ ತಮ್ಮನ್ನು ನೋಡುತ್ತಿದ್ದರು. ನಾನೊಬ್ಬಳು ಬೀಸುಕಲ್ಲಿನ ಪಕ್ಕ ನಿಂತಿದ್ದೆ, ನನಗೆ ಒಡೆಯರ ಮುಖ ಕಾಣುತ್ತಿತ್ತು. ಬೀಗರ ಮಾನ ಕಾಯಿ ಎಂದು ತಾಯಿ ಮಗನನ್ನು ಕೇಳುವ ಸಾಲು ಬಂದಾಗ ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಮೀಸೆಯಲ್ಲಿ ಸೇರಿಹೋಯಿತು. ಮನಸ್ಸು ಕರಗಿಸುವುದು ಆತ್ಮದ್ದು ಎಂದವರು ಅವರೇ. ಆದರೆ ಹಿರಿಯರು ಪುಡಿಯಲ್ಲಿ ಗುರುತು ಎಣಿಸುತ್ತಿದ್ದರು, ಆದ್ದರಿಂದ ಅದು ವಹಿಯಲ್ಲಿ ದಾಖಲಾಗಲಿಲ್ಲ. ನಾನೂ ಅಂದು ಬಾಯಿಬಿಡಲಿಲ್ಲ, ಒಬ್ಬ ಹಿರಿಯರ ಕಣ್ಣೀರನ್ನು ಸಭೆಯಲ್ಲಿ ಎತ್ತಿ ಆಡಬಾರದೆಂದು. ತಾವಾದರೂ ಅವರಿಗೆ ತಿಳಿಸಬೇಕು.

ತಮ್ಮ ಮೂವತ್ತೆಂಟೂ ಗುರುತುಗಳನ್ನು ಎಣಿಸಿಟ್ಟುಕೊಂಡಿರುವ ವಿಶ್ವಾಸಿ,
ಲಿಡಿಯಾ ಮೈಲಾರಪ್ಪ

ತಾಜಾಕಲಂ: ಈ ಪತ್ರವನ್ನು ಅಂಟಿಸುವ ಮೊದಲು ಅತ್ತೆಗೆ ಓದಿ ಹೇಳಿದೆ. ಗುತ್ತೆವ್ವನ ಕೌದಿಯ ಮಾತಿಗೆ ಐದು ವಾರದಲ್ಲಿ ಮೊದಲ ಸಲ ನಕ್ಕರು. ಮೀಸೆಯ ಮಾತನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ, "ಆ ಹಿರ್ಯಾ ತಾನ ಬಂದು ಕಲ್ಲಿನ ಎದುರಿಗೆ ಕುಂತರ ಹಾಡ್ತೇನಿ. ಬರದಿದ್ರ ಹಿಟ್ಟು ಗಿರಣಿಗೆ" ಎಂದರು. ಪುನರುತ್ಥಾನದ ಹಬ್ಬದ ಮರುದಿನ, ಸೋಮವಾರ ಬೆಳಗಿನ ಎಂಟಕ್ಕೆ ನಮ್ಮ ಪಡಸಾಲೆಯಲ್ಲಿ ಮೊದಲ ಹಿಟ್ಟು ಬೀಸುವುದಿದೆ. ಒಡೆಯರನ್ನು ಕರೆತರುವ ಶಕ್ತಿ ತಮಗೊಬ್ಬರಿಗೇ ಇರುವುದರಿಂದ ಈ ಕರೆಯನ್ನು ತಮಗೇ ಕಳಿಸಿದ್ದೇನೆ. ಬಂದ ಮೇಲೆ ಮನಸ್ಸಿಗೆ ಬಂದಷ್ಟು ತುಳಿಯಿರಿ, ಹರಿದ ಕೌದಿಯನ್ನು ಗುತ್ತೆವ್ವ ತರುತ್ತಾರೆ. ಸೀಮೆಸುಣ್ಣ ನಾನು ತರುವುದಿಲ್ಲ. ಅಂದು ತಮ್ಮನ್ನು ಯಾರೂ ನೋಡುವುದಿಲ್ಲ, ನಾವೆಲ್ಲ ಅವರ ಮುಖ ನೋಡುತ್ತಿರುತ್ತೇವೆ.