ಕರೆಂಟಿಲ್ಲದ ಸೋಮವಾರ

ಭಾನುವಾರ ಹೆಬ್ಬಾಳದಲ್ಲಿ ನಡೆದ ಕಾರ್ಯಾಗಾರಕ್ಕೆ ಹೋಗಿ ಬಂದದ್ದೇ ಚನ್ನುವಿಗೆ ಮುಳುವಾಯಿತು.

ಗದಗದ ಕಡೆಯವನಾದ ಚನ್ನು ಅಮೃತಹಳ್ಳಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾಲ್ಕು ವರ್ಷದಿಂದ ಫಿಸಿಯೋಥೆರಪಿಸ್ಟ್. ಮಂಡಿನೋವೆಂದು ಬಂದವರ ಮಂಡಿಯ ಸುತ್ತ ನಾಲ್ಕು ಪ್ಯಾಡು ಅಂಟಿಸುವುದು, ಕರೆಂಟ್ ಮಿಷನ್ನಿನ ಗುಂಡಿ ತಿರುಗಿಸುವುದು, ಹದಿನೈದು ನಿಮಿಷ ಜುಮುಜುಮು ಅನ್ನಿಸಿ ಕಳಿಸುವುದು. ಅವನ ದಿನ ಹೀಗೆ ಸುಖವಾಗಿ ಸಾಗುತ್ತಿತ್ತು. ಕಾರ್ಯಾಗಾರದ ಪ್ರೊಫೆಸರರು ಮಾತ್ರ ಒಂದು ಪ್ರಶ್ನೆ ಕೇಳಿಬಿಟ್ಟರು: “ನೀವು ಕೊಡ್ತಿರೋ ಚಿಕಿತ್ಸೆಗೆ ಪುರಾವೆ ಏನು?” ಆ ಪ್ರಶ್ನೆ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂತು ಮನೆಯವರೆಗೂ ಬಂತು.

ಕಾರ್ಯಾಗಾರದಲ್ಲಿ ಹಂಚಿದ ಸಂಶೋಧನಾ ಲೇಖನವನ್ನು ಓದಿದ. ಮಂಡಿನೋವಿಗೆ ವ್ಯಾಯಾಮದಿಂದ ಆಗುವಷ್ಟು ಲಾಭ ಮಿಷನ್ನಿನಿಂದ ಇಲ್ಲ ಎಂದಿತ್ತು. ಸೋಮವಾರ ಬೆಳಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆದವನೇ ಮಿಷನ್ನಿನ ಮೇಲೆ ಟವೆಲ್ಲು ಹೊದಿಸಿದ.

ಮೊದಲು ಬಂದವರು ಮುನಿಯಲ್ಲಮ್ಮ. ಒಂದು ಕಾಲಕ್ಕೆ ಜಕ್ಕೂರಿನ ಬದಿಯಲ್ಲಿ ಸೊಪ್ಪಿನ ತೋಟ ಮಾಡಿದವರು. ಈಗ ಅದೇ ಜಾಗದಲ್ಲಿ ಮೂರಂತಸ್ತು ಕಟ್ಟಿಸಿ, ಮಂಡಿನೋವಿನಿಂದಾಗಿ ಬಾಡಿಗೆಯವರನ್ನೆಲ್ಲ ಕೆಳಗಿನಿಂದಲೇ ಗದರಿಸುತ್ತಿದ್ದವರು.

“ಅಮ್ಮಾರ, ಇವತ್ತಿಂದ ಕರೆಂಟ್ ಬ್ಯಾಡ್ರಿ. ಈ ಕುರ್ಚಿ ಮ್ಯಾಲಿಂದ ಹತ್ತು ಸಲ ಎದ್ದು ಕೂಡ್ರಿ. ನಿಮ್ಮ ಮಂಡಿಗೆ ಅದ ಔಷಧ.”

ಹೋಟೆಲಿನಲ್ಲಿ ದೋಸೆ ಕೇಳಿದವರಿಗೆ ಒಳಗೆ ಹೋಗಿ ಹಿಟ್ಟು ರುಬ್ಬಿ ಅಂದಂತಾಯಿತು. ಮುನಿಯಲ್ಲಮ್ಮ ಅವನನ್ನೇ ದಿಟ್ಟಿಸಿದರು.

“ಬಸ್ಕಿ ಒಡಿಯಕ್ಕೆ ನಾನೇನ್ ಇಸ್ಕೂಲ್ ಮಗೂನಾ? ಏನ್ ತಪ್ ಮಾಡ್ದೆ ಅಂತ?”

“ಬಸ್ಕಿ ಅಲ್ರಿ, ವ್ಯಾಯಾಮ. ಇದಕ್ಕ ಪುರಾವೆ ಐತ್ರಿ.”

“ನೋಯೋ ಮಂಡೀನೇ ಮಡಚು ಅಂತೀಯಲ್ಲಪ್ಪಾ, ನಿಂಗೇ ಉಸಾರಿಲ್ವಾ ಇವತ್ತು?”

ಅವರು ಹೊರಗಿನ ಬೆಂಚಿನಲ್ಲಿ ಕೂತು ದೂರು ಶುರುಮಾಡಿದರು. ಸುದ್ದಿ ಬೀದಿಗಿಳಿಯಿತು. ಮಿಷನ್ ಕೆಟ್ಟಿದೆ ಎಂದು ಹೊರಟದ್ದು ದಿನಸಿ ಅಂಗಡಿ ಮುಟ್ಟುವಾಗ ಮಿಷನ್ ಸುಟ್ಟಿತ್ತು. ಟೀ ಅಂಗಡಿ ಮುಟ್ಟುವಾಗ ಚನ್ನುವಿಗೇ ಶಾಕ್ ಹೊಡೆದಿತ್ತು. ಹನ್ನೊಂದು ಗಂಟೆಗೆ ಅಪರಿಚಿತನೊಬ್ಬ ಒಳಗೆ ಇಣುಕಿ, “ಈ ಮಳಿಗೆ ಖಾಲಿ ಆಗ್ತಿದೆಯಂತೆ?” ಎಂದು ಗೋಡೆ ಅಳೆಯುವಂತೆ ನೋಡಿಹೋದ.

ಅದರ ಬೆನ್ನಿಗೇ ಕ್ಲಿನಿಕ್ಕಿನ ಒಡತಿ ಡಾಕ್ಟರ್ ಸ್ಮಿತಾರ ಫೋನು. “ಚನ್ನು, ನಮ್ ಪೇಶೆಂಟ್ಸ್ ನಾಲ್ಕು ಜನ ಎದುರುಗಡೆ ಕ್ಲಿನಿಕ್‌ಗೆ ಹೋದ್ರಂತೆ. ಸಾಯಂಕಾಲ ಬರ್ತೀನಿ. ಅಷ್ಟರಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ನೀವೂ ಅಲ್ಲೇ ಕೆಲಸ ಕೇಳ್ಕೊಳ್ಳಿ.”

ಚನ್ನುವಿನ ಮುಖ ಆರಿದ ಕಾಫಿಯಂತಾಯಿತು. ಆಗ ಬೆಂಚಿನ ತುದಿಯಿಂದ ಒಂದು ದನಿ ಬಂತು.

“ಏನೋ ಪುರಾವೆ ಇದೆ ಅಂದ್ರಲ್ಲ, ಕೊಡಿ ನೋಡೋಣ.”

ಪಂಚಪ್ಪ. ಜಾಲಹಳ್ಳಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟುಗಳ ಲೋಪ ಹುಡುಕಿ ನಿವೃತ್ತರಾದವರು. ಚನ್ನು ತಂದುಕೊಟ್ಟ ಲೇಖನವನ್ನು ಬೆಳಕಿಗೆ ಹಿಡಿದು ನೋಡಿದರು. ಬೆಂಚಿನವರೆಲ್ಲ ಅತ್ತ ವಾಲಿದರು.

“ಎಷ್ಟ್ ಜನಾನ ಪರೀಕ್ಷೆ ಮಾಡಿದ್ರು?”

“ನೂರಾ ಎಂಬತ್ತು ಮಂದಿ ರೀ. ಮೂರು ಗುಂಪು.”

“ಯಾರು ಯಾವ ಗುಂಪಿಗೆ ಅಂತ ಹೆಂಗ್ ತೀರ್ಮಾನ?”

“ಚೀಟಿ ಎತ್ತಿದಂಗ್ರಿ.”

“ಅಂಗಾದ್ರೆ ಮೋಸ ಇಲ್ಲ ಬುಡು,” ಎಂದರು ಮುನಿಯಲ್ಲಮ್ಮ, ಕುತೂಹಲ ತಡೆಯಲಾರದೆ ಬೆಂಚಿನಲ್ಲೇ ಹತ್ತಿರಕ್ಕೆ ಸರಿಯುತ್ತ.

ಚನ್ನುವಿಗೆ ಜೀವ ಬಂತು. ನಾಲ್ಕು ವರ್ಷದಲ್ಲಿ ಒಬ್ಬ ರೋಗಿಯೂ ಹೀಗೆ ಕೇಳಿರಲಿಲ್ಲ. ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಕರೆಂಟು ಎಂದು ಕೈಬೀಸಿ ವಿವರಿಸಿದ.

“ಮೂರನೇದು?”

“ಅವರಿಗೂ ಪ್ಯಾಡ್ ಹಚ್ಚಿದ್ರು, ಮಿಷನ್ನಿನ ಲೈಟೂ ಹತ್ತಿತ್ತು. ಖರೇ ಅಂದ್ರ ಕರೆಂಟ ಬಿಟ್ಟಿರಲಿಲ್ರಿ!”

“ಅವ್ರಿಗೆ ನೋವು ಕಮ್ಮಿ ಆಯ್ತಾ?”

“ಕರೆಂಟ್ ಕೊಟ್ಟವರಿಗೆ ಎಷ್ಟಾತೋ ಅಷ್ಟ ಆತ್ರಿ!” ಚನ್ನು ಗೆದ್ದವನಂತೆ ಎಲ್ಲರ ಮುಖ ನೋಡಿದ.

ಪಂಚಪ್ಪ ನಿಧಾನವಾಗಿ ಕನ್ನಡಕ ತೆಗೆದರು. “ಅಂದ್ರೆ ಮಿಷನ್ ಆಫ್ ಇದ್ರೂ ನೋವು ಇಳಿಯತ್ತೆ.”

“ಹಂಗಲ್ರಿ ಸರ, ವ್ಯಾಯಾಮ ಮಾಡಿದವರಿಗೆ ಎಲ್ಲಾರಕಿಂತ ಹೆಚ್ಚು—”

“ಅವ್ರು ಫಸ್ಟ್ ಕ್ಲಾಸು ಕಣ್ರೀ. ನಾನು ಯಾವತ್ತೂ ಫಸ್ಟ್ ಕ್ಲಾಸ್ ಬಂದೋನಲ್ಲ. ನಂಗೆ ಮೂರನೇ ಗುಂಪು ಸಾಕು. ಹಾಕಿ.”

“ನಂಗೂ ಆಫ್ ಮಾಡಿರೋದ್ನೇ ಆಕು,” ಎಂದರು ಮುನಿಯಲ್ಲಮ್ಮ. “ಶಾಕ್ ಒಡಿಯೋ ಭಯಾನೂ ಇಲ್ಲ.”

ಚನ್ನು ಸೋತು ಮಿಷನ್ನಿನ ಮೇಲಿನ ಟವೆಲ್ಲು ತೆಗೆದ. ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು.

“ಆಗ್ಲಿ. ಆದ್ರ ಆಫ್ ಮಿಷನ್ ಕೆಲಸ ಮಾಡಬೇಕಂದ್ರ ಪ್ಯಾಡ್ ಹಚ್ಚಿಕೊಂಡು ಹತ್ತು ಸಲ ಎದ್ದು ಕೂಡಬೇಕ್ರಿ. ಇಲ್ಲಂದ್ರ ಹಿಡಿಯೂದಿಲ್ಲ.”

ಈ ಮಾತಿಗೆ ಜಗತ್ತಿನ ಯಾವ ಮೂಲೆಯಲ್ಲೂ ಪುರಾವೆಯಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಯಾರೂ ಪುರಾವೆ ಕೇಳಲಿಲ್ಲ. ಪಂಚಪ್ಪನವರೂ ಕೇಳಲಿಲ್ಲ. ಸತ್ತ ಮಿಷನ್ನಿನ ವೈರು ಕಾಲಿಗೆ ಸುತ್ತಿಕೊಂಡು ಒಬ್ಬೊಬ್ಬರಾಗಿ ಎದ್ದರು, ಕೂತರು, ಎದ್ದರು. ಮುನಿಯಲ್ಲಮ್ಮ ಎಣಿಕೆ ತಪ್ಪಿ ಹದಿನಾಲ್ಕು ಮಾಡಿದರು.

ಸಂಜೆ ಆರಕ್ಕೆ ಸ್ಮಿತಾ ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಎದುರಿನ ಕ್ಲಿನಿಕ್ಕಿಗೆ ಹೋಗಿದ್ದ ನಾಲ್ವರೂ ನೆಂಟರೊಂದಿಗೆ ವಾಪಸ್ಸಾಗಿದ್ದರು. ಬೆಳಗ್ಗೆ ಬಂದ ಮುನಿಯಲ್ಲಮ್ಮ ಇನ್ನೂ ಹೊರಟಿರಲಿಲ್ಲ; ಹೊಸಬರಿಗೆ ಬಸ್ಕಿ ಕಲಿಸುತ್ತಿದ್ದರು.

“ಮಂಡಿ ಅಗುರಾಗೈತೆ ಡಾಕ್ಟ್ರಮ್ಮ. ನಿಮ್ ಆಫ್ ಮಿಷನ್ ಭಾರೀ ಒಳ್ಳೇದು!”

ಚನ್ನು ಸ್ಮಿತಾರನ್ನು ಬದಿಗೆ ಕರೆದು ನಡೆದದ್ದನ್ನೆಲ್ಲ ಒಪ್ಪಿಕೊಂಡ. “ಮೇಡಂ, ಇದು ವ್ಯಾಯಾಮದ ಗುಣ ರೀ. ನಾಳೆ ಎಲ್ಲಾರಿಗೂ ಖರೇ ಹೇಳಿ ಆ ಮಿಷನ್ ತಗದ ಬಿಡೂಣು.”

ಸ್ಮಿತಾ ತುಂಬಿದ ಬೆಂಚು ನೋಡಿದರು. ಬಾಗಿಲಾಚೆಯ ಸಾಲು ನೋಡಿದರು.

“ತೆಗೆಯೋದಾ? ಒಂದೇ ಮಿಷನ್ ಇಟ್ಕೊಂಡು ಇಷ್ಟ್ ಜನಕ್ಕೆ ಎಲ್ಲಿ ಸಾಕಾಗತ್ತೆ ಚನ್ನು? ಬೆಳಗ್ಗೆ ಗುಜರಿಗೆ ಹೋಗಿ ಇನ್ನೆರಡು ತನ್ನಿ. ನೋಡಿ ತಗೊಳ್ಳಿ, ಚೆನ್ನಾಗಿ ಕೆಟ್ಟಿರ್ಬೇಕು.”