ಏರ್‌ಮೇಲಿನಲ್ಲಿ ಬಂದ ಸಾವು

ನಿಯಮ ಅಂದರೆ ನನಗೆ ಚಿಕ್ಕಂದಿನಿಂದಲೂ ಒಂದು ಥರದ ಹುಚ್ಚು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಸ್ಸಿನಲ್ಲಿ ‘ಚಾಲಕರೊಡನೆ ಮಾತನಾಡಬೇಡಿ’ ಅಂತ ಬರೆದಿದ್ದರೆ, ಡ್ರೈವರೇ ತಿರುಗಿ ‘ಟೈಮೆಷ್ಟು?’ ಅಂತ ಕೇಳಿದರೂ ನಾನು ಕೈಗಡಿಯಾರ ಚಾಚಿ ತೋರಿಸುತ್ತೇನೆಯೇ ಹೊರತು ಬಾಯಿ ಬಿಡುವುದಿಲ್ಲ. ‘ಇವನು ಹುಟ್ಟುವಾಗ ನರ್ಸಮ್ಮನ ಹತ್ತಿರ ರಸೀತಿ ಕೇಳಿದ್ದ’ ಅಂತ ನಮ್ಮಮ್ಮ ಬಂದವರಿಗೆಲ್ಲ ಹೇಳುತ್ತಾಳೆ.

ಇಂಥವನ ಕೈಗೆ ಪೀಟರನ ಆಟ ಸಿಕ್ಕಿತು. ಪೀಟರ್ ಇಂಗ್ಲೆಂಡಿನಲ್ಲಿರುವ ನನ್ನ ಪೆನ್ ಫ್ರೆಂಡ್. ನಾನು ಅವನಿಗೆ ಅಂಚೆಚೀಟಿ ಕಳಿಸುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಅವನು ಒಂದು ದಿನ ಟೈಪು ಮಾಡಿದ ಹಾಳೆಗಳ ಒಂದು ಕಟ್ಟನ್ನೇ ಕಳಿಸಿದ. ಅವರ ಕಡೆ ಹೊಸದಾಗಿ ಬಂದ ಆಟವಂತೆ. ಮಣೆ ಇಲ್ಲ, ಕಾಯಿ ಇಲ್ಲ. ಮೇಜಿನ ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಬೇಕು. ಕಥೆ ನಡೆಸುವವನು ‘ಮುಂದೆ ಕತ್ತಲೆ ಗುಹೆ ಇದೆ, ಏನು ಮಾಡುತ್ತೀಯ?’ ಅನ್ನುತ್ತಾನೆ. ನಾವು ಹೇಳಿದ್ದು ನಡೆಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಅದೂ ಇಪ್ಪತ್ತು ಮುಖದ ದಾಳ. ಮಂಡ್ಯದ ಪೇಟೆಬೀದಿಯಲ್ಲಿ ಕೇಳಿದರೆ, ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹುಡುಗ್ರು ಕೆಟ್ಟೋಗಕ್ಕೆ ಆರು ಮುಖದ್ದೇ ಸಾಕು ಕಣಪ್ಪ’ ಅಂದರು. ಕೊನೆಗೆ ಇಪ್ಪತ್ತು ಹುಣಸೆಬೀಜದ ಮೇಲೆ ಸಂಖ್ಯೆ ಬರೆದು ಒಂದು ಪೌಡರ್ ಡಬ್ಬಿಗೆ ಹಾಕಿದೆ. ಕೈ ಹಾಕು, ಬಂದದ್ದು ನಿನ್ನ ಹಣೆಬರಹ.

ಆಡುವವರು ಇಬ್ಬರು. ಮದ್ದೂರಿನಿಂದ ರೈಲಿನಲ್ಲಿ ಬರುವ ಗುಮಾಸ್ತ ನಂಜುಂಡ, ಕೊತ್ತತ್ತಿಯಿಂದ ಸೈಕಲ್ ತುಳಿದು ಬರುವ ಬೋರೇಗೌಡ. ಕಥೆ ನಡೆಸುವವನು ನಾನು. ಪೀಟರನ ಆಟದಲ್ಲಿ ವೀರರು ಯಾವುದೋ ಹೆಂಡದಂಗಡಿಯಲ್ಲಿ ಸೇರುತ್ತಾರೆ. ನಮ್ಮ ವೀರರು ಕಿರುಗಾವಲಿನ ಬಸ್‌ಸ್ಟಾಂಡಿನ ಕಾಫಿ ಹೋಟೆಲಿನಲ್ಲಿ ಸೇರುತ್ತಿದ್ದರು. ಬೆಂಕಿಯುಗುಳುವ ರೆಕ್ಕೆಯ ಹಾವು ಮಳವಳ್ಳಿ ದಾರಿಯ ಬೆಟ್ಟದೊಳಗಿತ್ತು. ಬೋರೇಗೌಡ ಗದ್ದೆಯಲ್ಲಿ ನೀರು ಕಟ್ಟುವವನು, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಆದರೆ ಭಾನುವಾರ ನಮ್ಮ ಜಗುಲಿ ಹತ್ತಿದನೆಂದರೆ ಅವನು ಮಾರನಾಯ್ಕ. ಗಂಡುಗೊಡಲಿ ಹಿಡಿದ ಮಾರನಾಯ್ಕನ ಮುಂದೆ ರಾಕ್ಷಸರೂ ಲೈನಾಗಿ ನಿಲ್ಲಬೇಕು.

ಆಟ ಚೆನ್ನಾಗಿಯೇ ಇತ್ತು. ಕಾಟ ಕೊಟ್ಟದ್ದು ತಿದ್ದುಪಡಿ. ಪೀಟರನ ಊರಿನವರು ವಾರಕ್ಕೊಂದು ನಿಯಮ ಬದಲಾಯಿಸುತ್ತಿದ್ದರು. ದಪ್ಪ ಹಾಳೆಗಳನ್ನು ಅವನು ಹಡಗಿನ ಅಂಚೆಗೆ ಹಾಕುತ್ತಿದ್ದ, ತುರ್ತಿನದನ್ನು ಏರ್‌ಮೇಲಿಗೆ. ಹೀಗಾಗಿ ‘ಹದಿನಾಲ್ಕನೇ ಪುಟ ಪೂರಾ ತಪ್ಪು, ಹರಿದುಹಾಕು’ ಎಂಬ ಕಾಗದ ಮೊದಲು ಬಂತು. ಹದಿನಾಲ್ಕನೇ ಪುಟ ಎರಡು ತಿಂಗಳು ಬಿಟ್ಟು ಬಂತು. ಅದನ್ನು ಬಿಚ್ಚಿ, ಭಕ್ತಿಯಿಂದ ಓದಿ, ಹರಿದುಹಾಕಿದೆ. ಉಳಿದದ್ದನ್ನೆಲ್ಲ ನಾನು ಕಲಿಯುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಮಾಡಿ, ಕಾರ್ಬನ್ ಇಟ್ಟು ಮೂರು ಪ್ರತಿ ಹೊಡೆಯುತ್ತಿದ್ದೆ. ಮೂರನೆಯ ಪ್ರತಿ ಬೋರೇಗೌಡನಿಗೆ. ಅದರಲ್ಲಿ ಬರೀ ಮೋಡ ಕಾಣುತ್ತಿತ್ತು. ‘ಓದೋಕೆ ಬತ್ತದೇನ್ಲಾ?’ ಅಂತ ನಂಜುಂಡ ರೇಗಿಸಿದರೆ, ‘ಮಳೆ ಬತ್ತದೆ ಅಂತ ಬರ್ದದೆ ಕಣ್ಲಾ’ ಅನ್ನುತ್ತಿದ್ದ.

ಹೀಗಿರುವಾಗ ಒಂದು ಶನಿವಾರ ಏರ್‌ಮೇಲಿನ ಆ ನೀಲಿ ಕಾಗದ ಬಂತು. ಅದುವರೆಗೆ ಆಟದಲ್ಲಿ ಹಾವು ಕಚ್ಚಿದವನು ಮೂರು ದಿನ ಮಲಗೆದ್ದರೆ ಸಾಕಿತ್ತು. ಇನ್ನು ಮುಂದೆ ಡಬ್ಬಿಯಿಂದ ಹದಿನೇಳಕ್ಕಿಂತ ಕಮ್ಮಿ ಬಂದರೆ ಸಾವು. ಕೆಳಗೆ ಗೆರೆ ಎಳೆದು ಪೀಟರ್ ಬರೆದಿದ್ದ: ಹಿಂದೆ ಕಚ್ಚಿಸಿಕೊಂಡವರಿಗೂ ಇದೇ ನಿಯಮ. ಮಾರನಾಯ್ಕನಿಗೆ ಮೂರು ತಿಂಗಳ ಹಿಂದೆ ಹಾವು ಕಚ್ಚಿತ್ತು. ಕಾಗದವನ್ನು ಮಡಿಸಿ ಬಚ್ಚಿಟ್ಟಿದ್ದರೆ ಇಂಗ್ಲೆಂಡಿನಿಂದ ಯಾರೂ ಬಂದು ಕೇಳುತ್ತಿರಲಿಲ್ಲ. ಆದರೆ ನಾನು ನಾನೇ ಅಲ್ಲವೇ? ಭಾನುವಾರ ಓದಿ ಹೇಳಿ, ಡಬ್ಬಿ ಮುಂದೆ ಹಿಡಿದೆ. ಬೋರೇಗೌಡ ಕೈ ಹಾಕಿದ. ನಾಲ್ಕು.

“ಅಂಗಂದ್ರೆ?”

“ಮಾರನಾಯ್ಕ ಇಲ್ಲ ಕಣೋ.”

“ನಾನ್ ಸತ್ತು ಮೂರ್ ತಿಂಗ್ಳಾಯ್ತಾ? ಒಂದ್ ಮಾತು ಯೋಳ್ಬಾರ್ದೇನ್ಲಾ ಸೀನ?”

“ನನಗೂ ನಿನ್ನೆ ತಾನೆ ಗೊತ್ತಾಯಿತು.”

“ಓದ್ ತಿಂಗ್ಳು ನಂಜುಂಡನ್ನ ಬಾವಿಯಿಂದ ಎಳ್ದಾಕಿದ್ಯಾರು? ನನ್ ದೆವ್ವನಾ?”

ನಂಜುಂಡ ಬೆಚ್ಚಿದ. “ಲೇ ಸೀನ, ಇವ್ನು ಸತ್ತಿದ್ರೆ ನಾನು ಬಾವೀಲೇ ಹೋದೆ ಕಣೋ!”

“ಎಲ್ರೂ ಸಾಯ್ಲಿ ಬುಡು” ಅಂತ ಬೋರೇಗೌಡ ಎದ್ದ. “ನಿನ್ ರೂಲ್ಸೊಂದು ಬದ್ಕಿದ್ರೆ ಸಾಕು. ಅದ್ರ ಜೊತೇಲೇ ಆಡ್ಕೊ. ಸತ್ತೋರು ಸೈಕಲ್ ತುಳ್ಕೊಂಡು ಬರಾಕಿಲ್ಲ.”

ಅವನು ನಿಜವಾಗಿಯೂ ಸೈಕಲ್ಲಿನ ಸ್ಟ್ಯಾಂಡ್ ಒದ್ದ. ಬೋರೇಗೌಡ ಇಲ್ಲದ ಭಾನುವಾರವನ್ನು ನೆನೆದುಕೊಂಡರೆ, ಕೈಯಲ್ಲಿದ್ದ ನೀಲಿ ಕಾಗದ ತಿಥಿಯ ಕಾರ್ಡಿನ ಹಾಗೆ ಕಂಡಿತು. ಆಗ ಒಳಗಿಂದ ನಮ್ಮಪ್ಪ ಬಂದರು. ಅವರು ಸಂಸ್ಕೃತದ ಮೇಷ್ಟ್ರು. ಶುದ್ಧಿ, ಸೂತಕ, ತಿಥಿ ಅಂತ ಅಕ್ಕಪಕ್ಕದವರು ಅವರನ್ನೇ ಕೇಳಲು ಬರುತ್ತಾರೆ.

“ಯಾರಪ್ಪಾ ಹೋದದ್ದು?”

“ನಾನೇ ಮೇಷ್ಟ್ರೇ” ಅಂದ ಬೋರೇಗೌಡ.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಎಲ್ಲವನ್ನೂ ಹೇಳಿದೆ. ಕೇಳಿ, “ಇಷ್ಟೇ ತಾನೆ?” ಅಂದರು. “ದೇಶಾಂತರ ಹೋದವನು ಸತ್ತ ಅಂತ ಸುದ್ದಿ ಬಂದು, ಕರ್ಮವೆಲ್ಲ ಮುಗಿದ ಮೇಲೆ ಮನುಷ್ಯ ತಿರುಗಿ ಬಂದರೆ ಏನು ಮಾಡ್ತೀರಿ? ಅಟ್ಟಿಬಿಡ್ತೀರಾ? ಸ್ನಾನ ಮಾಡಿಸಿ, ಮಗು ಹುಟ್ಟಿತು ಅಂತ ಮತ್ತೆ ಹೆಸರಿಟ್ಟು ಒಳಗೆ ಕರ್ಕೊಳ್ಳೋದು.”

“ಹಾಗೆ ನಿಯಮ ಇದೆಯಾ ಅಪ್ಪ?” ನನಗೆ ಜೀವ ಬಂದಂತಾಯಿತು.

“ಇದೆ. ನಿನ್ನದು ಎಷ್ಟು ಹಳೆಯದು?”

“ಕಾಗದದ ತಾರೀಖು ನೋಡಿದರೆ ಹದಿನೈದು ದಿನ.”

“ನಮ್ಮದಕ್ಕೆ ತಿದ್ದುಪಡಿ ಬಂದು ಬಹಳ ಕಾಲ ಆಯಿತಪ್ಪ” ಅಂದು ಪೇಪರ್ ಹಿಡಿದು ಕೂತುಬಿಟ್ಟರು.

ಬೋರೇಗೌಡ ಸೈಕಲ್ಲಿಗೆ ಮತ್ತೆ ಸ್ಟ್ಯಾಂಡ್ ಹಾಕಿದ. ಬಚ್ಚಲಿನ ಹಂಡೆಯಲ್ಲಿ ಬಿಸಿನೀರಿತ್ತು. ನಂಜುಂಡ ಬಾವಿಯ ಋಣ ತೀರಿಸುವವನ ಹಾಗೆ ಚೊಂಬು ಚೊಂಬಾಗಿ ಹುಯ್ದ. ನನ್ನ ಪಂಚೆ ಉಟ್ಟು, ಹೊಗೆಯಾಡುತ್ತಾ ಹೊರಗೆ ಬಂದ ಬೋರೇಗೌಡನನ್ನು ಅಮ್ಮ ಮಣೆಯ ಮೇಲೆ ಕೂರಿಸಿದಳು. ಹೊಸ ಹೆಸರು ಏನಿಡೋಣ ಅಂತ ನಾನು ಪಟ್ಟಿ ಬರೆಯಲು ಹೊರಟೆ. “ಅದೇ ಇರ್ಲಿ ಕಣಮ್ಮ, ಕೊಡ್ಲಿ ಮ್ಯಾಲೆ ಕೆತ್ಸಿವ್ನಿ” ಅಂದ. ಅಮ್ಮ ಅವನ ಕಿವಿಯಲ್ಲಿ ಮೂರು ಸಲ ‘ಮಾರನಾಯ್ಕ’ ಅಂದು ಬಾಯಿಗೆ ಸಕ್ಕರೆ ಹಾಕಿದಳು. ಮಗು ಇನ್ನೊಂದು ಹಿಡಿ ಕೇಳಿತು. ಆವತ್ತಿನ ಆಟದಂಥ ಆಟವನ್ನು ನಾವು ಮತ್ತೆ ಆಡಿಲ್ಲ. ಸಾಯಂಕಾಲದ ಹೊತ್ತಿಗೆ ರೆಕ್ಕೆಯ ಹಾವು ಮಳವಳ್ಳಿ ಬಿಟ್ಟು ಓಡಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬುದ್ಧಿವಂತ. ಮಾರನೆಯ ದಿನವೇ ‘ಸತ್ತವರು ಸ್ನಾನ ಮಾಡಿ, ಮತ್ತೆ ಹೆಸರಿಡಿಸಿಕೊಂಡು ಆಟಕ್ಕೆ ಬರಬಹುದು’ ಅಂತ ಟೈಪು ಹೊಡೆದು ಏರ್‌ಮೇಲಿನಲ್ಲಿ ಪೀಟರನಿಗೆ ಕಳಿಸಿದೆ. ಅದರ ಉಪನಿಯಮಗಳು ಒಂಬತ್ತು ಪುಟವಾದವು. ಏರ್‌ಮೇಲಿಗೆ ಬಹಳ ತೂಕ ಅಂತ ಅವನ್ನು ಹಡಗಿಗೆ ಹಾಕಿದೆ. ಮೊನ್ನೆ ಪೀಟರನ ಉತ್ತರ ಬಂದಿದೆ. ನಿಯಮ ಅವರಿಗೆ ಬಹಳ ಹಿಡಿಸಿತಂತೆ. ಅವರಲ್ಲಿ ಸತ್ತಿದ್ದವರು ನಾಲ್ವರು. ಹಿಮ ಬೀಳುವ ದಿನ ಹಿತ್ತಲಲ್ಲಿ ನಿಂತು, ಒಬ್ಬೊಬ್ಬರೂ ಒಂದೊಂದು ಬಕೆಟ್ ತಣ್ಣೀರು ಹುಯ್ದುಕೊಂಡು, ಈಗ ನಾಲ್ವರೂ ಜ್ವರದಲ್ಲಿ ಮಲಗಿದ್ದಾರೆ. ‘ನಿನ್ನ ಒಂದೇ ತಿದ್ದುಪಡಿಯ ಏಟಿಗೆ ನಾವು ಸುಸ್ತು ಗೆಳೆಯ, ಸ್ವಲ್ಪ ದಯೆ ಇರಲಿ’ ಅಂತ ಬರೆದಿದ್ದಾನೆ.

ಬಿಸಿನೀರಾದರೂ ಆಗಬಹುದು ಎಂಬುದು ಉಪನಿಯಮ ಎರಡರಲ್ಲಿ ಸ್ಪಷ್ಟವಾಗಿದೆ. ಹಡಗು ಇನ್ನೂ ದಾರಿಯಲ್ಲಿದೆ.