ಇತರರಿಗಾಗಿ ಒಂದು ವಿಶೇಷ ಆವೃತ್ತಿ

ಸಹೃದಯರೇ, ಮನೆಯಿಂದ ಒಂದು ಬೆಳ್ಳಿಯ ಲೋಟ ಕಳೆದುಹೋದರೆ ಪೊಲೀಸರಿಗೆ ದೂರು ಕೊಡಬಹುದು. ಒಂದು ಅಕ್ಷರ ಕಳೆದುಹೋದರೆ ಯಾರ ಬಳಿಗೆ ಹೋಗುವುದು? ನನ್ನ ಮನೆಯಿಂದ ಕಣ್ಮರೆಯಾದದ್ದು ಒಂದೇ ಅಕ್ಷರ: "ರೀ". ಮದುವೆಯಾದ ಮರುದಿನದಿಂದ ಅದು ಅಡುಗೆಮನೆಯಲ್ಲಿ ಹುಟ್ಟಿ, ನಡುಮನೆಯನ್ನು ದಾಟಿ, ಕಿಟಕಿಯ ಬಳಿ ಗ್ರಂಥಾವಲೋಕನದಲ್ಲಿ ಮಗ್ನನಾಗಿರುತ್ತಿದ್ದ (ಎಂದರೆ ತೂಕಡಿಸುತ್ತಿದ್ದ) ನನ್ನ ಕಿವಿಯನ್ನು ತಪ್ಪದೆ ತಲುಪುತ್ತಿತ್ತು. ಮೊಟಕಾಗಿ ಬಂದರೆ ಹಾಲು ಉಕ್ಕುತ್ತಿದೆಯೆಂದು ಅರ್ಥ. ಎಳೆದು ಬಂದರೆ ತರಕಾರಿ ಮುಗಿದಿದೆಯೆಂದು. ತೀರ ಮೆತ್ತಗೆ ಬಂದರೆ ಅವಳ ತವರಿನವರು ಬರುತ್ತಿದ್ದಾರೆಂದು. ಈ ಏಕಾಕ್ಷರ ಮಂತ್ರದ ಮಹಿಮೆ, ಅದು ನಿಂತ ಮೇಲೆಯೇ ನನಗೆ ತಿಳಿಯಿತು.

ಅದು ನಿಲ್ಲಲು ಕಾರಣ ನನ್ನ ಪುಸ್ತಕ. ವಾರದ ದಿನಗಳಲ್ಲಿ ನಾನು ಕಚೇರಿಯಲ್ಲಿ ಕುಳಿತು ನೀರು ಸರಬರಾಜಿನ ಲೆಕ್ಕ ನೋಡುವವನು; ಭಾನುವಾರ ಬಡಾವಣೆಯ ಸಭಾಭವನದಲ್ಲಿ ಭಕ್ತಿ ಸರಬರಾಜು ಮಾಡುವವನು. ಪ್ರವಚನ ನನ್ನ ಹೊಟ್ಟೆಪಾಡಲ್ಲ, ಉಸಿರು. ಭಗವಂತನ ಕಡೆಗೆ ಹೊರಟ ಮನುಷ್ಯನಿಗೆ ಅಡ್ಡಗಾಲು ಹಾಕುವುದು ಅವನ ಮನಸ್ಸೇ ಎಂಬುದು ನನ್ನ ದೃಢವಾದ ನಂಬಿಕೆ. ಆದುದರಿಂದ "ಎಲೈ ಮನಸ್ಸೇ" ಎಂದು ಆರಂಭಿಸಿ ಅದನ್ನು ತರಾಟೆಗೆ ತೆಗೆದುಕೊಳ್ಳುವುದು ನನ್ನ ಪದ್ಧತಿ. ಆ ಪ್ರವಚನಗಳನ್ನು "ತಿದ್ದುವ ದಾರಿ" ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದೆ. ಕೃತಜ್ಞತೆಯ ಪುಟದಲ್ಲಿ ಸಭಾಭವನದ ಕಾವಲುಗಾರ, ಮೈಕಿನವನು, ಕುರ್ಚಿ ಹಾಕುವವರು, ಫ್ಯಾನು ರಿಪೇರಿಯವನು, ಎಲ್ಲರನ್ನೂ ಭಾವಪೂರ್ಣವಾಗಿ ನೆನೆದು, ಕೊನೆಯಲ್ಲಿ "ಮತ್ತು ಇತರರು" ಎಂದು ಮುಗಿಸಿದೆ.

ನನ್ನವಳು ಆ ಪುಟವನ್ನು ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು. ಅಂದಿನಿಂದ ಅವಳು ನನ್ನೊಡನೆ ಮಾತನಾಡುವುದನ್ನು ಬಿಟ್ಟು ಗೋಡೆ ಗಡಿಯಾರದೊಡನೆ ಮಾತನಾಡತೊಡಗಿದಳು.

"ಚಹಾ ಆಗಿದೆ. ಇತರರು ಮಾಡಿದ್ದಾರೆ. ಬೇಕಾದವರು ಕುಡೀಬಹುದು."

"ಅಲ್ಲ ಕಣೇ, ಇತರರು ಅಂದ್ರೆ ಅದರಲ್ಲಿ ಎಲ್ಲರೂ ಬಂದ ಹಾಗಲ್ವಾ?"

"ಮೈಕಿನವನು ಬರಲಿಲ್ಲ," ಎಂದಳು ಗಡಿಯಾರಕ್ಕೆ. "ಅವನಿಗೆ ಒಂದು ಪೂರಾ ಸಾಲು ಇದೆ."

"ಮೈಕಿಲ್ಲದೆ ಪ್ರವಚನ ಹೇಗೆ ನಡೆಯುತ್ತೆ?"

"ಸರಿ. ನಾಳೆಯಿಂದ ಒಗೆದ ಅಂಗಿ ಎಲ್ಲಿದೆ ಅಂತ ಮೈಕಿನವನನ್ನೇ ಕೇಳಲಿ. ಇತರರಿಗೆ ತಲೆನೋವು."

ಲೋಕಕ್ಕೆಲ್ಲ ಶಾಂತಿಯನ್ನು ಬೋಧಿಸುವವನು ಒಂದು ಗಡಿಯಾರದ ಮೇಲೆ ಹೊಟ್ಟೆಕಿಚ್ಚುಪಡುವ ಸ್ಥಿತಿಗೆ ಬಂದೆ. ನನಗೆ ಬೇರೇನೂ ಬೇಡವಾಗಿತ್ತು. ಆ "ರೀ" ಮರಳಿ ಬೇಕಾಗಿತ್ತು. ನಮ್ಮ ಮದುವೆಯ ವಾರ್ಷಿಕೋತ್ಸವ ಹತ್ತಿರ ಬಂದಾಗ, ಪ್ರಾರ್ಥನೆಗೆ ಕುಳಿತ ವೇಳೆಯಲ್ಲೇ, ಒಂದು ಉಪಾಯ ಹೊಳೆಯಿತು. ಅದು ಮೇಲಿನಿಂದ ಬಂದದ್ದೆಂದೇ ಆಗ ಭಾವಿಸಿದೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಕನ್ನಡಕದ ಅಂಗಡಿಗೂ ನಡುವೆ, "ಬೇಡಿದಷ್ಟೇ ಮುದ್ರಣ" ಎಂಬ ಫಲಕವಿದೆ. ಒಂದೇ ಒಂದು ಪ್ರತಿ ಬೇಕೆಂದರೂ ಅಚ್ಚು ಹಾಕಿಕೊಡುವುದರಿಂದ ಅದರ ಯಜಮಾನನಿಗೆ "ಒಂದುಪ್ರತಿ" ಎಂದೇ ಹೆಸರು. ನನ್ನ ಪುಸ್ತಕವಿದ್ದ ಪೆನ್‌ಡ್ರೈವನ್ನು ಅವನ ಕೈಗಿತ್ತು, ಮಡದಿಗೆ ಉಡುಗೊರೆ ಕೊಡಲು ಒಂದು ಪ್ರತಿ ಬೇಕೆಂದೆ.

"ಸಾವಿರ ಪ್ರತಿ ಹಾಕಿಸಿ ಮಂಚದ ಕೆಳಗೆ ಪೇರಿಸಿಡೋ ಕಾಲ ಹೋಯ್ತು ಸ್ವಾಮಿ," ಎಂದ ಆತ. (ನನ್ನ ಮಂಚದ ಕೆಳಗಿನ ಪರಿಸ್ಥಿತಿ ಇವನಿಗೆ ಹೇಗೆ ತಿಳಿಯಿತೆಂದು ಬೆಚ್ಚಿದೆ.) "ಈಗ ಕೇಳಿದವರಿಗೆ ಕೇಳಿದ ಹಾಗೆ. ವಿಶೇಷ ಆವೃತ್ತಿ. ಮಖಮಲ್ಲು ರಟ್ಟು, ಚಿನ್ನದ ಅಕ್ಷರ, ಪುಟದ ಅಂಚಿಗೂ ಚಿನ್ನ, ಪುಟದ ಗುರುತಿಗೆ ರೇಷ್ಮೆ ದಾರ. ಮುಂದೆ ಅಮ್ಮನವರಿಗೆ ಅರ್ಪಣೆ ಅಂತ ಒಂದು ಪುಟ."

"ಒಂದು ಪುಟ ಸಾಲದಪ್ಪ. ಪುಸ್ತಕ ಪೂರ್ತಿ ಅವಳದೇ ಅನ್ನಿಸಬೇಕು."

ಆತ ಕಂಪ್ಯೂಟರಿನಲ್ಲಿ ನನ್ನ ಪುಸ್ತಕವನ್ನು ತೆರೆದು ಗಲ್ಲ ಕೆರೆದುಕೊಂಡ. "ಇಲ್ಲಿ ಪುಟಪುಟಕ್ಕೂ 'ಎಲೈ ಮನಸ್ಸೇ' ಅಂತ ಕರೀತೀರಲ್ಲ. ಅದನ್ನೇ 'ಎಲೈ ಮಡದಿಯೇ' ಅಂತ ಮಾಡಿದ್ರೆ? ಒಂದು ಗುಂಡಿ ಒತ್ತಿದ್ರೆ ಎಲ್ಲ ಕಡೆ ತಾನೇ ಬದಲಾಗುತ್ತೆ. ಆಮೇಲೆ ಪುಸ್ತಕ ಯಾರ ಜೊತೆ ಮಾತಾಡುತ್ತೆ ಹೇಳಿ? ಅಮ್ಮನವರ ಜೊತೆ."

ನನ್ನ ಕಣ್ಣು ಒದ್ದೆಯಾಯಿತು. ಏಕೆಂದರೆ ನನಗೆ ಥಟ್ಟನೆ ನೆನಪಾದದ್ದು ಒಂದು ಸುಂದರ ವಾಕ್ಯ: "ಎಲೈ ಮನಸ್ಸೇ, ನೀನು ಬೆಳಗಿದರೆ ನನ್ನ ಬಾಳೆಲ್ಲ ಬೆಳಕು." ಅಲ್ಲಿ ಮಡದಿಯನ್ನು ಕೂರಿಸಿ ನೋಡಿದೆ. ಅದೆಂಥ ಶೋಭೆ.

"ಅಚ್ಚಿಗೆ ಮುಂಚೆ ಒಂದ್ಸಲ ಓದಿ ನೋಡ್ತೀರಾ?"

"ನಾನೇ ಬರೆದದ್ದನ್ನು ನಾನೇ ಓದಬೇಕೇನಯ್ಯ? ಒತ್ತು ಗುಂಡಿ."

ಯಂತ್ರ ಗುಂಯ್‌ಗುಟ್ಟಿತು. ಬಿಸಿಬಿಸಿ ಹಾಳೆಗಳು ಹೊರಬಂದು ಒಂದರ ಮೇಲೊಂದು ಮಲಗಿದವು. ಆತ ಬೆನ್ನಿಗೆ ಅಂಟು ಬಳಿದು, ಕೆಂಪು ಮಖಮಲ್ಲು ಹೊದಿಸಿ, ಕತ್ತರಿ ಯಂತ್ರದಲ್ಲಿ ಅಂಚನ್ನು ಒಪ್ಪ ಮಾಡಿ ನನ್ನ ಕೈಗಿತ್ತ. ಮುಖಪುಟದಲ್ಲಿ ಚಿನ್ನದ ಅಕ್ಷರಗಳು ಥಳಥಳಿಸುತ್ತಿದ್ದವು: "ತಿದ್ದುವ ದಾರಿ. ನನ್ನ ಧರ್ಮಪತ್ನಿಗಾಗಿ." ಅದರಲ್ಲೇನಾದರೂ ಅಪಾಯವಿರಬಹುದೆಂದು, ಭಕ್ತಿಯಲ್ಲಿ ಮೈಮರೆತಿದ್ದ ನನಗೆ ಹೊಳೆಯಲೇ ಇಲ್ಲ.

ವಾರ್ಷಿಕೋತ್ಸವದ ಬೆಳಿಗ್ಗೆ ನನ್ನವಳು ಮೇಜಿನ ಮೇಲೆ ಬಟ್ಟೆ ಹರಡಿಕೊಂಡಿದ್ದಳು. ಅವಳ ತಂಗಿ, ಎಂದರೆ ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನನ್ನ ನಾದಿನಿ, ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡು ನಿಂತಿದ್ದಳು. ನಾನು ಎರಡೂ ಕೈಯಿಂದ ಪುಸ್ತಕವನ್ನು ಒಪ್ಪಿಸಿದೆ. ನನ್ನವಳು ಮಖಮಲ್ಲನ್ನು ಸವರಿದಳು. ಅವಳ ಮುಖ ಒಂದು ಕ್ಷಣ ಅರಳಿತು. ನಂತರ ಮುಖಪುಟವನ್ನು ಓದಿದಳು. ಹುಬ್ಬು ಮೇಲೇರಿತು. ನಡುವೆ ಒಂದು ಪುಟ ತೆರೆದು ನಿಧಾನವಾಗಿ, ಸ್ಪಷ್ಟವಾಗಿ ಓದಿದಳು:

"'ಎಲೈ ಮಡದಿಯೇ, ನೀನು ತಳವಿಲ್ಲದ ಕೊಡ. ಎಷ್ಟು ಸುರಿದರೂ ನಿನಗೆ ಸಾಲದು.'"

ನಾದಿನಿಯ ಕೈಯಿಂದ ಕತ್ತರಿ ಜಾರಿತು.

"ಮುಂದಿನ ಪುಟ, ಮುಂದಿನ ಪುಟ," ಎಂದೆ ಬೆವರುತ್ತ.

"'ಎಲೈ ಮಡದಿಯೇ, ಜೀವಮಾನವೆಲ್ಲ ನಿನ್ನ ಹಿಂದೆ ಅಲೆದು ನನಗೆ ದೊರೆತದ್ದೇನು? ಬಳಲಿಕೆಯೊಂದೇ.' ಹೂಂ. 'ಎಲೈ ಮಡದಿಯೇ, ನಾನು ಧ್ಯಾನಕ್ಕೆ ಕುಳಿತೊಡನೆ ನೀನು ಸಂತೆಗೆ ಹೊರಡುತ್ತೀಯೆ.'"

"ಇದು ನಿಜ ಅಕ್ಕ," ಎಂದಳು ನಾದಿನಿ.

"ಸುಮ್ನಿರೇ. 'ನಿನ್ನನ್ನು ಗೆಲ್ಲಲು ಜ್ಞಾನಿಗಳು ಕಂಡ ಮಾರ್ಗ ಒಂದೇ: ನಿನ್ನ ಮಾತಿಗೆ ಕಿವಿಗೊಡದಿರುವುದು.'" ಅವಳು ಗಡಿಯಾರದ ಕಡೆ ತಿರುಗಿದಳು. "ಇದಕ್ಕೆ ಪುಸ್ತಕ ಬೇಕಿರಲಿಲ್ಲ. ಮೊದಲಿಂದ ಅಭ್ಯಾಸದಲ್ಲೇ ಇದೆ."

"ಭಾವ, ಇಷ್ಟು ಬೈಯೋಕೆ ಚಿನ್ನದ ಅಕ್ಷರ ಯಾಕೆ ಬೇಕಿತ್ತು? ಸೀಸದ ಕಡ್ಡಿ ಸಾಕಾಗಿತ್ತು."

"ಅಯ್ಯೋ, ಅದು ನಿನಗೆ ಹೇಳಿದ್ದಲ್ಲ ಕಣೇ. ಅದು ಮನಸ್ಸಿನದು."

"ಅದೇ ನಾನೂ ಹೇಳೋದು," ಎಂದಳು ಗಡಿಯಾರಕ್ಕೆ. "ಮನಸ್ಸಿನಲ್ಲಿದ್ದದ್ದೇ ಅಚ್ಚಾಗಿದೆ."

ಬೆಳಕಿನ ವಾಕ್ಯವನ್ನಾದರೂ ತೋರಿಸೋಣವೆಂದು ಪುಸ್ತಕವನ್ನು ಕಸಿದುಕೊಂಡು ತಡಕಾಡಿದೆ. ಮನಸ್ಸನ್ನು ನಾನು ಹೊಗಳಿದ್ದದ್ದು ಇಡೀ ಗ್ರಂಥದಲ್ಲಿ ಅದೊಂದೇ ಪುಟದಲ್ಲೆಂದು ಆಗ ಅರಿವಾಯಿತು. ಆ ಪುಟವೋ, ಅಂಟು ತಾಗಿ ಪಕ್ಕದ ಪುಟಕ್ಕೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

ಅಳುವಳೆಂದು ಹೆದರಿದ್ದೆ, ಅಳಲಿಲ್ಲ. ಪುಸ್ತಕವನ್ನು ಮರಳಿ ತೆಗೆದುಕೊಂಡು, "ಇದನ್ನ ಎಲ್ಲಿ ಮಾಡಿಸಿದ್ದಂತೆ?" ಎಂದು ಗಡಿಯಾರವನ್ನು ವಿಚಾರಿಸಿದಳು. ನಾನು ಬೀದಿ, ಫಲಕ, ಪಕ್ಕದ ಬೀಗದ ಅಂಗಡಿ ಎಲ್ಲವನ್ನೂ ವಿನಯದಿಂದ ನಿವೇದಿಸಿದೆ. ಅಕ್ಕತಂಗಿಯರು ಚೀಲ ಹಿಡಿದು ಹೊರಟರು. ಒಂದುಪ್ರತಿಯ ಪ್ರಾಣರಕ್ಷಣೆಗಾಗಿ ನಾನು ಮನಃಪೂರ್ವಕವಾಗಿ ಪ್ರಾರ್ಥಿಸಿದೆ.

ಮರುಭಾನುವಾರ ಸಭಾಭವನಕ್ಕೆ ಹೋಗಿ ನೋಡುತ್ತೇನೆ, ಮುಂದಿನ ಸಾಲುಗಳಲ್ಲಿ ಹೆಂಗಸರೆಲ್ಲರ ಮಡಿಲಲ್ಲೂ ಒಂದೊಂದು ಕೆಂಪು ಪುಸ್ತಕ. ಪುಸ್ತಕದ ಬೆನ್ನಿನ ಮೇಲೆ ನನ್ನದೇ "ತಿದ್ದುವ ದಾರಿ". ನಡುವೆ, ಎಂದೂ ಪ್ರವಚನಕ್ಕೆ ಬಾರದ ನನ್ನವಳು. ನನ್ನ ಎದೆ ತುಂಬಿ ಬಂತು. ಅವಳು ಕ್ಷಮಿಸಿದ್ದಳು, ಕ್ಷಮಿಸಿದ್ದಲ್ಲದೆ ನನ್ನ ವಾಣಿಯನ್ನು ಮನೆಮನೆಗೂ ಮುಟ್ಟಿಸಿದ್ದಳು. ಅಂದು ನಾನು ಉಕ್ಕಿ ಹರಿದೆ. ಪ್ರತಿಸಲ "ಎಲೈ ಮನಸ್ಸೇ" ಎಂದಾಗಲೂ ಹೆಂಗಸರು ಪುಸ್ತಕದಲ್ಲಿ ಬೆರಳಿಟ್ಟು ಓದಿಕೊಂಡು, ಹಿಂದಿನ ಸಾಲಿನಲ್ಲಿದ್ದ ತಮ್ಮ ತಮ್ಮ ಗಂಡಂದಿರ ಕಡೆಗೆ ತಿರುಗಿ ಕರುಣೆಯಿಂದ ನೋಡುತ್ತಿದ್ದರು. ದಾಂಪತ್ಯದಲ್ಲಿ ಅಧ್ಯಾತ್ಮ ಬೆರೆತ ಆ ದೃಶ್ಯವನ್ನು ಕಂಡು ಪುಳಕಿತನಾದೆ.

ಮುಗಿದ ಮೇಲೆ ನನ್ನ ಷಡ್ಡಕ, ಎಂದರೆ ನಾದಿನಿಯ ಗಂಡ, ಜನ್ಮದಲ್ಲಿ ಗಟ್ಟಿಯಾಗಿ ಮಾತನಾಡದ ಬಸ್ ಚಾಲಕ, ನನ್ನ ತೋಳು ಹಿಡಿದು ಮೂಲೆಗೆ ಕರೆದ.

"ಅಣ್ಣ, ಇನ್ನು ಮೇಲೆ ಈ ಮನಸ್ಸಿನ ವಿಷಯ ಬೇಡ. ನದಿ ಬಗ್ಗೆ ಹೇಳಿ, ಮರದ ಬಗ್ಗೆ ಹೇಳಿ."

"ನಾಟಿತೇನಪ್ಪ ನನ್ನ ಮಾತು?"

"ಮನೇಲಿ ಊಟಕ್ಕೆ ಕೂತಾಗೆಲ್ಲ ನಾಟ್ತಾ ಇದೆ."

ಪಾಪ, ಪಶ್ಚಾತ್ತಾಪಪಡುತ್ತಿದ್ದಾನೆಂದು ತಿಳಿದು ಅವನನ್ನು ಆಶೀರ್ವದಿಸಿದೆ.

ಅಂದು ಸಂಜೆ ಕಿಟಕಿಯ ಬಳಿ ಕುಳಿತಿದ್ದೆ. ಅಡುಗೆಮನೆಯಲ್ಲಿ ಹುಟ್ಟಿ, ನಡುಮನೆಯನ್ನು ದಾಟಿ ಅದು ಬಂತು.

"ರೀ..."

ಸಹೃದಯರೇ, ನಾನು ಎದ್ದದ್ದು ನೆನಪಿದೆ, ಓಡಿದ್ದು ನೆನಪಿಲ್ಲ. ಮಂಡಿ ಮೇಜಿಗೆ ತಾಗಿತು, ಒಂದು ಚಪ್ಪಲಿ ಎಲ್ಲಿಯೋ ಉಳಿಯಿತು. "ಏನೇ? ಬಂದೆ, ಬಂದೆ," ಎನ್ನುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಅವಳು ಕೆಂಪು ಪುಸ್ತಕದಿಂದ ತಲೆ ಎತ್ತಲಿಲ್ಲ. "ನಿಮ್ಮನ್ನ ಕರೀಲಿಲ್ಲ. ಓದ್ತಾ ಇದ್ದೆ." ಬೆರಳು ಸಾಲಿನ ಮೇಲೆ ಸರಿಯಿತು. "'ರೀ, ಕರೆಯದಿದ್ದಾಗ ನೀವು ಓಡೋಡಿ ಬರುತ್ತೀರಿ. ಕರೆದಾಗ ಮಾತ್ರ ಎಲ್ಲಿರುತ್ತೀರೋ ಆ ದೇವರೇ ಬಲ್ಲ.'"

ನನ್ನದೇ ವಾಕ್ಯ. ಮನಸ್ಸಿನ ಚಂಚಲತೆಯನ್ನು ಕುರಿತು ಬರೆದದ್ದು. ನನಗೆ ಅತ್ಯಂತ ಪ್ರಿಯವಾದದ್ದು. ಬಗ್ಗಿ ಮುಖಪುಟವನ್ನು ನೋಡಿದೆ: "ತಿದ್ದುವ ದಾರಿ. ಗೃಹಿಣಿಯರ ವಿಶೇಷ ಆವೃತ್ತಿ."

"ಎಲ್ಲ ಕಡೆ 'ರೀ' ಅಂತ ಹಾಕಿಸಿದ್ದೀಯಾ?"

"ಅದಕ್ಕೆ ಒಂದು ಗುಂಡಿ ಸಾಕಾಯ್ತು. ಆದ್ರೆ ಗಂಡಂದಿರಿಗೆ ಏಕವಚನ ಚೆನ್ನಾಗಿರಲ್ಲ ನೋಡಿ. 'ನೀನು' ಇದ್ದ ಕಡೆ ಎಲ್ಲ 'ನೀವು' ಮಾಡ್ಸೋಕೆ ಇಡೀ ದಿನ ಆ ಅಂಗಡೀಲಿ ಕೂತಿದ್ದೆ. ಬೈಗುಳ ಇರಲಿ, ಮರ್ಯಾದೆ ಬಿಡಬಾರದು."

"ಊರಿಗೆಲ್ಲ ಹಂಚಿಬಿಟ್ಟೆಯಲ್ಲೇ."

"ಎಲ್ಲಿ ಹಂಚಿದೆ? ಬೇಡಿದವರಿಗೆ ಮಾತ್ರ." ಕುರ್ಚಿಯೊಂದನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. "ಕೂತ್ಕೊಳ್ಳಿ. ಎಷ್ಟು ಚೆನ್ನಾಗಿ ಬರೆದಿದ್ದೀರಿ, ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ. ಮೊದಲನೇ ಪುಟದಿಂದ ಓದ್ತೀನಿ."

ಕುಳಿತೆ. ಜನರನ್ನು ಕೂರಿಸಿ ನಾನು ಹೇಳಿದ್ದನ್ನೆಲ್ಲ, ಕುಳಿತು ಕೇಳಿದೆ. ನಾನು ತಳವಿಲ್ಲದ ಕೊಡವೆಂದು ಕೇಳಿದೆ, ಬೇಲಿ ಹಾರುವ ಕರುವೆಂದು ಕೇಳಿದೆ, ಸಾಲದ್ದಕ್ಕೆ ಎಲ್ಲವನ್ನೂ ಬಹುವಚನದಲ್ಲಿ ಕೇಳಿದೆ. ಗಂಟಲೊಣಗಿ, "ಸ್ವಲ್ಪ ಚಹಾ..." ಎಂದು ಮೆಲ್ಲಗೆ ಏಳಹೋದೆ.

"ಪ್ರವಚನದ ಮಧ್ಯೆ ಏಳಬಾರದು, ರೀ," ಎಂದು ಪುಟ ತಿರುವಿದಳು.

ಆ "ರೀ" ಪುಸ್ತಕದ್ದೋ, ನನ್ನದೋ? ಕೇಳುವ ಧೈರ್ಯ ಸಾಲದೆ, ನನ್ನದೇ ಎಂದು ಇಟ್ಟುಕೊಂಡು ಮರಳಿ ಕುಳಿತೆ.